ಕಚ್ಚುಮೀನಿಗೆ ದನಿ ಕೊಟ್ಟವರು

ಮೇಷ್ಟ್ರು ಹೋದ ಸುದ್ದಿ ನನಗೆ ಗೊತ್ತಾದದ್ದು ಪೇಪರಿನ ಒಳಪುಟದಿಂದ. ಹಣೆಯಲ್ಲಿ ಗಂಧ, ಹೆಗಲ ಮೇಲೆ ಜರಿ ಶಾಲು, ಬಿಗಿಯಾಗಿ ಮುಚ್ಚಿದ ಬಾಯಿ. ಗಮಕ ವಿದ್ವಾಂಸರು, ನಿವೃತ್ತ ಕನ್ನಡ ಅಧ್ಯಾಪಕರು, ಪತ್ನಿಯನ್ನೂ ಅಪಾರ ಶಿಷ್ಯವೃಂದವನ್ನೂ ಅಗಲಿದ್ದಾರೆ ಎಂದು ಫೋಟೋದ ಕೆಳಗೆ ಹಾಕಿದ್ದರು. ಒಂದು ಕಚ್ಚುವ ಮೀನನ್ನೂ ಅಗಲಿದ್ದಾರೆ ಎಂದು ಯಾರೂ ಬರೆದಿರಲಿಲ್ಲ. ಬರೆಯದಿದ್ದದ್ದೇ ಒಳ್ಳೆಯದಾಯಿತು. ಬರೆದಿದ್ದರೆ ಮೇಷ್ಟ್ರು ಹೋದಲ್ಲೇ ನಾಚಿಕೆಯಿಂದ ಮುಖ ಮುಚ್ಚಿಕೊಳ್ಳುತ್ತಿದ್ದರು. ಅವರ ಹೆಸರನ್ನು ನಾನೂ ಇಲ್ಲಿ ಹೇಳುವುದಿಲ್ಲ.

ನಾನು ಕೆಲಸ ಮಾಡುವುದು ಸರಸ್ವತಿಪುರಂನಲ್ಲಿ, ಒಂದು ಟ್ಯುಟೋರಿಯಲ್‌ನ ಮೇಲಿನ ಮಹಡಿಯಲ್ಲಿ. ವಿಡಿಯೋ ಗೇಮ್ ತಯಾರಿಸುವ ಸಣ್ಣ ಕಂಪನಿ. ಚಿತ್ರ ಬರೆಯುವವರು ಬೇರೆ, ಪ್ರೋಗ್ರಾಂ ಬರೆಯುವವರು ಬೇರೆ, ಶಬ್ದದ ಕೆಲಸವೆಲ್ಲ ನನ್ನದು. ಇಲವಾಲದಲ್ಲಿರುವ ನಮ್ಮಮ್ಮನಿಗೆ ಇದು ಎಂಥ ಉದ್ಯೋಗ ಎನ್ನುವುದು ಇವತ್ತಿಗೂ ಅರ್ಥವಾಗಿಲ್ಲ. "ನಮ್ ಉಡ್ಗಿ ಕಂಪ್ಯೂಟ್ರಲ್ಲಿ ಬಾಗ್ಲು ಕಿರ್ ಅನ್ನಂಗೆ ಮಾಡ್ತಾಳೆ ಕಣವ್ವ" ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಸುಳ್ಳೇನೂ ಅಲ್ಲ.

ಆಗ ನಾವು ಮಾಡುತ್ತಿದ್ದ ಆಟದಲ್ಲಿ ಆಡುವವನೇ ಕಥೆಯ ನಾಯಕ. ಊರೂರು ಅಲೆಯುತ್ತ, ಎದುರಾದ ಶತ್ರುಗಳನ್ನು ಬಡಿಯುತ್ತ, ಬಲ ಹೆಚ್ಚಿಸಿಕೊಳ್ಳುತ್ತ ಮುಂದೆ ಹೋಗಬೇಕು. ನೀರಿನಲ್ಲಿ ಮುಳುಗಿದ ಒಂದು ಕೋಟೆಯಿದೆ, ಅದರ ಕಂದಕ ದಾಟಬೇಕು. ಆ ಕಂದಕದಲ್ಲಿ ಸಿಗುವ ಮೊಟ್ಟಮೊದಲ ಶತ್ರು ಒಂದು ಮೀನು. ಅಂಗೈ ಅಗಲದ ಪ್ರಾಣಿ, ಮೈಗಿಂತ ಬಾಯಿಯೇ ದೊಡ್ಡದು. ನೀರಿನಿಂದ ಚಿಮ್ಮಿ ಕಾಲು ಕಚ್ಚಿ ಮತ್ತೆ ಮುಳುಗುತ್ತದೆ. ಎರಡೇಟು ಬಿದ್ದರೆ ಸತ್ತೂ ಹೋಗುತ್ತದೆ. ಇಂಥ ಪುಡಿ ಶತ್ರುಗಳಿಗೆ ಆಟದಲ್ಲಿ ಯಾರೂ ಮರ್ಯಾದೆ ಕೊಡುವುದಿಲ್ಲ.

ಮೇಷ್ಟ್ರನ್ನು ಕರೆಸಿದ್ದು ಮೀನಿಗಾಗಿ ಅಲ್ಲ. ಕೋಟೆ ಮುಳುಗಿದ ಕಥೆಯನ್ನು ಆಟದ ಆರಂಭದಲ್ಲಿ ಹಳೆಯ ಕಾವ್ಯದ ಧಾಟಿಯಲ್ಲಿ ಯಾರಾದರೂ ಹಾಡಿ ಹೇಳಬೇಕು ಎಂದು ನಮ್ಮ ಬಾಸ್‌ಗೆ ಹುಕಿ ಬಂದಿತ್ತು. ಹೈಸ್ಕೂಲಿನಲ್ಲಿ ತಮಗೆ ಕನ್ನಡ ಕಲಿಸಿದವರು, ಕಾವ್ಯವನ್ನು ರಾಗವಾಗಿ ಓದುವುದರಲ್ಲಿ ಮೈಸೂರಿಗೆಲ್ಲ ಗೊತ್ತಿದ್ದವರು, ಎರಡು ಕ್ರಾಸ್ ಆಚೆಗೇ ಇದ್ದಾರೆ ಎಂದು ನೆನಪಾಯಿತು. ಹೋಗಿ ಕರೆದುಕೊಂಡೇ ಬಂದರು.

ಇಸ್ತ್ರಿ ಮಾಡಿದ ಪಂಚೆ, ಜುಬ್ಬ, ಮಡಿಸಿ ಹೆಗಲಿಗೇರಿಸಿದ ಶಾಲು. ನಾವೆಲ್ಲ ಶೂ ಹಾಕಿಕೊಂಡೇ ಓಡಾಡುವ ರೆಕಾರ್ಡಿಂಗ್ ಕೋಣೆಗೆ ಅವರು ಚಪ್ಪಲಿ ಹೊರಗೆ ಬಿಟ್ಟು ಬಂದರು. ಮೈಕಿನ ಸ್ಟ್ಯಾಂಡ್ ಮುಟ್ಟಿ ಕಣ್ಣಿಗೊತ್ತಿಕೊಂಡರು. "ಇದರ ಮುಂದೆ ಕೂತು ಬಹಳ ದಿನ ಆಗಿತ್ತಮ್ಮ" ಎಂದರು. ಅದನ್ನು ಹೇಳುವಾಗ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದಿದ್ದರು. ದೊಡ್ಡವರ ಸಂಕೋಚ ಎಂದುಕೊಂಡೆ.

ದನಿ ತೆಗೆದರು. ನಾನು ಕೇಳಿ ಬೆಳೆದದ್ದು ಸೋಬಾನೆ ಪದ, ಸಿನಿಮಾ ಹಾಡು. ಆದರೂ ಆ ದನಿಗೆ ಕೈ ತಾನಾಗಿ ಯಂತ್ರದ ಮೇಲಿಂದ ಕೆಳಗಿಳಿಯಿತು. ಎರಡನೆಯ ಸಾಲಿನಲ್ಲಿ ಸ್ವರ ಮೇಲಕ್ಕೆ ಏರುತ್ತಿದ್ದಂತೆ ಕಟಕ್ ಎಂದಿತು. ಅವರು ಕಟ್ಟಿಸಿಕೊಂಡಿದ್ದ ಹಲ್ಲಿನ ಮೇಲುಸಾಲು ಜಾರಿ ಕೆಳಗಿನದಕ್ಕೆ ಬಡಿದಿತ್ತು. "ಕ್ಷಮಿಸಬೇಕು" ಎಂದು ಮತ್ತೆ ಮೊದಲಿನಿಂದ ಶುರುಮಾಡಿದರು. ಮತ್ತೆ ಕಟಕ್. ನೀರು ಕುಡಿದರು, ನಿಧಾನ ಮಾಡಿದರು, ಸ್ವರ ಇಳಿಸಿಕೊಂಡರು. ಬಾಯಿ ಅಗಲವಾಗಿ ತೆರೆಯಬೇಕಾದ ಕಡೆಯಲ್ಲೆಲ್ಲ ಅದು ಕಾದು ಕೂತಿತ್ತು. ಆಮೇಲೆ ನಾನು ಆ ಸದ್ದನ್ನು ಕತ್ತರಿಸಿ ತೆಗೆಯಲು ನೋಡಿದೆ. ಸದ್ದಿನ ಜೊತೆ ಅಕ್ಷರವೂ ಹೋಗುತ್ತಿತ್ತು, ಕಾವ್ಯ ಮೊಂಡಾಗುತ್ತಿತ್ತು.

ಗಾಜಿನ ಈಚೆಗೆ ನನ್ನ ಪಕ್ಕದಲ್ಲಿ ಬಾಸ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ಇದ್ದಕ್ಕಿದ್ದಂತೆ ತೊಡೆ ತಟ್ಟಿಕೊಂಡು, "ಸಿಕ್ತು ಕಣ್ರೀ, ಮೀನು ಕಚ್ಚೋ ಸೌಂಡ್ ಸಿಕ್ತು!" ಎಂದು ಕೂಗಿದರು. ಒಳಗಿನವರ ಜೊತೆ ಮಾತಾಡುವ ಮೈಕ್ ಆನ್ ಆಗಿಯೇ ಇತ್ತು. ಮೇಷ್ಟ್ರು ಹಾಡು ನಿಲ್ಲಿಸಿದರು. ಅಂಗೈ ಅಡ್ಡ ಹಿಡಿದು, "ಯಾವ ಮೀನಪ್ಪ ಅದು?" ಎಂದು ಕೇಳಿದರು.

ಬಾಸ್ ಫೋನ್ ಬಂದವರ ಹಾಗೆ ಎದ್ದು ಹೊರಗೆ ಹೋದರು. ಹೇಳುವ ಕರ್ಮ ನನ್ನ ಪಾಲಿಗೆ ಬಂತು. ಕಂಪ್ಯೂಟರಿನಲ್ಲಿ ಮೀನನ್ನು ತೋರಿಸಿ, ಹಾಡು ಬೇರೆಯವರ ಹತ್ತಿರ ಹೇಳಿಸುತ್ತೇವೆ, ತಮ್ಮಿಂದ ಈ ಸದ್ದು ಮಾತ್ರ ಬೇಕಾಗಿದೆ ಎನ್ನುವುದನ್ನು ಹೇಗೆ ಹೇಳಿದೆನೋ ನನಗೇ ಗೊತ್ತಿಲ್ಲ. ನಮ್ಮಪ್ಪನ ವಯಸ್ಸಿಗಿಂತ ದೊಡ್ಡವರು. ಮೇಷ್ಟ್ರು ಬಹಳ ಹೊತ್ತು ಆ ಮೀನಿನ ಬಾಯಿಯನ್ನೇ ನೋಡಿದರು. "ಯೋಚನೆ ಮಾಡ್ತೀನಮ್ಮ" ಎಂದು ಚಪ್ಪಲಿ ಮೆಟ್ಟಿ ಹೋದರು. ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಮುಂದಿನ ವಾರ ಅದೇ ಹೊತ್ತಿಗೆ, ಅದೇ ಇಸ್ತ್ರಿ ಪಂಚೆಯಲ್ಲಿ ಬಂದು ನಿಂತರು.

"ಕುರ್ಚಿ ಗೋಡೆ ಕಡೆಗೆ ತಿರುಗಿಸಮ್ಮ. ನನ್ನ ಮುಖ ಯಾರೂ ನೋಡಬಾರದು."

"ಆಯ್ತು ಬುಡಿ ಸಾರ್."

"ಹೆಸರು ಎಲ್ಲೂ ಹಾಕಬಾರದು."

"ಆಯ್ತು ಸಾರ್."

"ನನ್ನ ಹೆಂಡತಿಗೆ ಮಾತ್ರ ಗೊತ್ತಾಗಬಾರದು. ಊರಿಗೆಲ್ಲ ಗೊತ್ತಾದ್ರೂ ಪರವಾಗಿಲ್ಲ, ಅವಳಿಗೆ ಗೊತ್ತಾಗಬಾರದು. ಕಾವ್ಯದ ರೆಕಾರ್ಡಿಂಗ್‌ಗೆ ಹೋಗ್ತಿದೀನಿ ಅಂತ ಹೇಳಿ ಬಂದಿದೀನಿ."

ಊರಿಗಿಂತ ಹೆಂಡತಿಯ ಭಯ ಹೆಚ್ಚೇ ಎಂದು ಒಳಗೊಳಗೇ ನಗು ಬಂತು. ಬಹಳ ಜೋರಿನ ಹೆಂಗಸಿರಬೇಕು ಎಂದುಕೊಂಡೆ.

ಕಾವ್ಯ ಓದುವುದನ್ನು ಅವರು ನಿಲ್ಲಿಸಿದ್ದು ಯಾಕೆ ಎನ್ನುವುದನ್ನು ಆಮೇಲೊಂದು ದಿನ ಅವರೇ ಹೇಳಿದರು. ಕೆಳಗೆ ಟ್ಯುಟೋರಿಯಲ್ ಬಿಟ್ಟು ಮೆಟ್ಟಿಲ ತುಂಬ ಗಲಾಟೆ ಎದ್ದರೆ ನಮ್ಮ ರೆಕಾರ್ಡಿಂಗ್ ನಿಲ್ಲಿಸಬೇಕಿತ್ತು. ಅಂಥ ಹೊತ್ತಿನಲ್ಲಿ ಗೋಡೆಯ ಕಡೆ ಮುಖ ಮಾಡಿಕೊಂಡೇ ಮಾತಾಡುತ್ತಿದ್ದರು. ಒಂದು ದೊಡ್ಡ ಸಭೆ. ಮಗ ಸತ್ತ ತಾಯಿಯ ಅಳಲಿನ ಭಾಗ. ಕೇಳುವವರು ಕಣ್ಣೊರೆಸಿಕೊಳ್ಳುತ್ತಿದ್ದಾರೆ. ತಾಯಿ 'ಕಂದಾ' ಎಂದು ಎಳೆದು ಕರೆಯುವ ಜಾಗದಲ್ಲಿ ಹಲ್ಲು ಜಾರಿತು. ಕಟಕ್ ಎಂದದ್ದನ್ನು ಮೈಕು ಸಭಾಂಗಣಕ್ಕೆಲ್ಲ ಕೇಳಿಸಿತು.

"ಸಭೆ ನಕ್ಕುಬಿಡ್ತಮ್ಮ. ಅಳ್ತಾ ಇದ್ದೋರೆಲ್ಲ ನಕ್ಕುಬಿಟ್ರು. ಆ ತಾಯಿ ಏನು ತಪ್ಪು ಮಾಡಿದ್ಲು ಹೇಳು, ಅವಳ ದುಃಖಾನ ನಾನು ಹಾಳು ಮಾಡಿಬಿಟ್ಟೆ."

ಪುಸ್ತಕ ಮುಚ್ಚಿ ಎದ್ದು ಬಂದವರು ಮತ್ತೆ ವೇದಿಕೆ ಹತ್ತಲಿಲ್ಲ. ಹಾಗಾದರೆ ನಮ್ಮಲ್ಲಿಗೆ ಯಾಕೆ ಬರುತ್ತೀರಿ, ಅದೇ ಸದ್ದು ಮಾಡಲು, ಎಂದು ನಾನು ಬಾಯಿ ತಡೆಯಲಾರದೆ ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಮೈಕ್ ಮುಂದೆ ಕೂರೋದು ಒಂದು ಚಟ ಕಣಮ್ಮ. ಬೇರೆ ಎಲ್ಲೂ ನನ್ನ ಕೂರಿಸಲ್ಲ ಈಗ" ಎಂದರು. ನಾನು ಅಲ್ಲಿದ್ದ ವೈರುಗಳನ್ನು ಸುತ್ತುತ್ತ ಕೂತೆ.

ಹೆಂಡತಿಯ ಒತ್ತಾಯಕ್ಕೆ ಅವರು ಹೊಸ ಹಲ್ಲಿನ ಸೆಟ್ ಮಾಡಿಸಿಕೊಂಡದ್ದೂ ಆ ದಿನಗಳಲ್ಲೇ. ಅದು ಬಿಗಿಯಾಗಿ ಕೂತಿತ್ತು, ಚೂರೂ ಅಲುಗುತ್ತಿರಲಿಲ್ಲ. ಹಳೆಯದನ್ನು ಸ್ಟೀಲ್ ಡಬ್ಬಿಯಲ್ಲಿ ಬಟ್ಟೆ ಸುತ್ತಿ ತರುತ್ತಿದ್ದರು. ಬಂದ ತಕ್ಷಣ ಬಚ್ಚಲಿಗೆ ಹೋಗಿ ಬದಲಾಯಿಸಿಕೊಂಡು ಶಾಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಬಂದು ಕೂರುವರು. "ಹೊಸದು ಚೆನ್ನಾಗಿ ಕೂತಿದ್ಯಲ್ಲ ಸಾರ್, ಮತ್ತೆ ಸಭೇಲಿ ಓದಿ" ಎಂದೆ.

"ಹಲ್ಲು ಸರಿಹೋಯ್ತು. ಆದರೆ ಇನ್ನು ಜನ ಕಾವ್ಯ ಕೇಳೋದಿಲ್ಲಮ್ಮ, ಹಲ್ಲು ಯಾವಾಗ ಬೀಳುತ್ತೆ ಅಂತ ಕಾಯ್ತಾರೆ."

ಅವರು ಕೆಲಸ ಮಾಡುವ ರೀತಿಯೇ ಬೇರೆ. ನಮಗೆ ಬೇಕಾದದ್ದು ಒಂದು ಕಟಕ್. ಅದಕ್ಕೆ ಅವರು, "ಈ ಮೀನಿಗೆ ಹಸಿವೋ ಸಿಟ್ಟೋ ಹೇಳು, ಎರಡಕ್ಕೂ ಬಾಯಿ ಬೇರೆ ಬೇರೆ" ಎನ್ನುವರು. ಪ್ರೋಗ್ರಾಂ ಬರೆಯುವ ಹುಡುಗರನ್ನು ಕೇಳಿದರೆ, ಹತ್ತಿರ ಬಂದರೆ ಕಚ್ಚುತ್ತದೆ ಅಷ್ಟೇ ಎಂದರು. ಮೇಷ್ಟ್ರು ಒಪ್ಪಲಿಲ್ಲ. "ಮುಳುಗಿದ ಕೋಟೇಲಿ ಎಷ್ಟು ಕಾಲದಿಂದ ಒಂದೇ ಇದೆಯೋ ಪಾಪ. ಇದಕ್ಕೆ ಭಯ. ಭಯಕ್ಕೆ ಕಚ್ಚುತ್ತೆ" ಎಂದು ತಾವೇ ತೀರ್ಮಾನಿಸಿ ಸಣ್ಣದಾಗಿ, ಬೇಗ ಬೇಗ ಹಲ್ಲು ಕಟಕಟಿಸಿದರು. ಆಟದಲ್ಲಿ ಮೀನು ಕಾಣುವ ಮೊದಲು ಕತ್ತಲ ನೀರಿನೊಳಗಿಂದ ಆ ಸದ್ದು ಬರುತ್ತದೆ. ಆಡುವವರು ದೊಡ್ಡ ದೊಡ್ಡ ರಾಕ್ಷಸರಿಗೆ ಹೆದರದೆ ಇದಕ್ಕೆ ಹೆದರುತ್ತಾರೆ.

ಮೀನು ಗುರಿ ತಪ್ಪಿದಾಗ ಏನು ಸದ್ದು ಎಂದು ಕೇಳಿದವರೂ ಅವರೇ. ನಾವು ಅದನ್ನು ಯೋಚಿಸಿಯೇ ಇರಲಿಲ್ಲ. "ಕಚ್ಚಕ್ಕೆ ಹೋಗಿ ಬಾಯಿಗೆ ಬರೀ ನೀರು ಸಿಕ್ಕರೆ ಅದಕ್ಕೆ ಅವಮಾನ ಆಗಲ್ವೇನಮ್ಮ?" ಎಂದು ಅರ್ಧ ಕಟಕ್ ಮಾಡಿ, ಹಲ್ಲನ್ನು ನಾಲಿಗೆಯಿಂದ ಮೆಲ್ಲಗೆ ಒಳಕ್ಕೆ ಸರಿಸಿಕೊಂಡರು. ಆ ಸದ್ದು ಕೇಳಿದ ಮೇಲೆ ನಮ್ಮಲ್ಲಿ ಚಿತ್ರ ಬರೆಯುವ ಹುಡುಗಿ ತಾನಾಗಿಯೇ ಮೀನನ್ನು ತಿದ್ದಿದಳು. ಗುರಿ ತಪ್ಪಿದ ಮೀನು ಈಗ ತಿರುಗಿ ನೋಡದೆ ಕೆಳಗೆ ಇಳಿಯುತ್ತದೆ. ಸಾಯುವ ಸದ್ದನ್ನು ಮಾತ್ರ ಮಾಡಿಕೊಡಲಿಲ್ಲ. "ಕಿರುಚೋದೆಲ್ಲ ಬೇಡ. ಬಾಯಿ ಮುಚ್ಚಿಕೊಳ್ಳಲಿ, ಸಾಕು." ನಮ್ಮ ಆಟದಲ್ಲಿ ಸದ್ದಿಲ್ಲದೆ ಸಾಯುವ ಶತ್ರು ಅದೊಂದೇ.

'ಕಚ್ಚುವ ಮೀನು' ಎಂದಿದ್ದ ಹೆಸರನ್ನು 'ಕಚ್ಚುಮೀನು' ಎಂದು ತಿದ್ದಿದ್ದೂ ಮೇಷ್ಟ್ರೇ. ಒಮ್ಮೆ ಅವರ ಕೈಗೇ ಆಟ ಕೊಟ್ಟೆವು. ಕಂದಕಕ್ಕೆ ಇಳಿದವರು ಕತ್ತಿ ಬೀಸುವುದೇ ಗೊತ್ತಾಗದೆ ನಿಂತಲ್ಲೇ ಕಚ್ಚಿಸಿಕೊಂಡು ಸತ್ತರು. "ನನ್ನ ಹಲ್ಲೇ ನನ್ನ ತಿಂತಲ್ಲಮ್ಮ!" ಎಂದು ಜೋರಾಗಿ ನಕ್ಕು, ನಕ್ಕದ್ದು ಗೊತ್ತಾಗಿ ಥಟ್ಟನೆ ಶಾಲು ಎಳೆದುಕೊಂಡರು. ಬಾಯಿ ಮುಚ್ಚದೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಟ ಮುಗಿಯುವ ಹಂತಕ್ಕೆ ಬಂದಾಗ ಬಾಸ್‌ಗೆ ಇನ್ನೊಂದು ಹುಕಿ ಬಂತು. ಕೊನೆಯಲ್ಲಿ ಬರುವ ಹೆಸರುಗಳಲ್ಲಿ ಮೇಷ್ಟ್ರ ಹೆಸರು ದೊಡ್ಡದಾಗಿ ಹಾಕೋಣ, ಗಮಕ ವಿದ್ವಾಂಸರ ಹಲ್ಲೇ ಮೀನಿನ ಹಲ್ಲು ಅಂದರೆ ಪೇಪರಿನವರು ಓಡಿ ಬರುತ್ತಾರೆ ಎಂದರು. ಮೇಷ್ಟ್ರು ಬೆವತುಹೋದರು. ಶಿಷ್ಯನ ಮುಂದೆ ಕೈ ಮುಗಿದರು. "ಬೇಡಪ್ಪ. ಮೀನಿನ ದನಿ ಮೀನಿನದ್ದೇ ಅಂತ ಹಾಕಿಬಿಡು." ಮೇಷ್ಟ್ರು ಕೈ ಮುಗಿದದ್ದನ್ನು ನೋಡಿ ಬಾಸ್‌ಗೂ ಮುಖ ಎತ್ತಲಾಗಲಿಲ್ಲ. ಹಾಗೇ ಹಾಕಿದೆವು. ಈಗಲೂ ಆಟದ ಕೊನೆಯಲ್ಲಿ 'ಕಚ್ಚುಮೀನಿನ ದನಿ: ಕಚ್ಚುಮೀನು' ಎಂದು ಬರುತ್ತದೆ. ತಮಾಷೆಗೆ ಹಾಕಿದ್ದಾರೆ ಎಂದು ಆಡುವವರು ಅಂದುಕೊಳ್ಳುತ್ತಾರೆ.

ಇಷ್ಟೆಲ್ಲ ಕಾಪಾಡಿಕೊಂಡದ್ದು ಒಂದು ಮಧ್ಯಾಹ್ನಕ್ಕೆ ಮಣ್ಣುಪಾಲಾಯಿತು. ಚಿತ್ರದ ಹುಡುಗಿಗೆ ಮೇಷ್ಟ್ರೆಂದರೆ ಪ್ರಾಣ. ಗಾಜಿನ ಈಚೆಯಿಂದ ಫೋನಿನಲ್ಲಿ ಅವರನ್ನು ವಿಡಿಯೋ ಮಾಡಿದ್ದಳು. ಗೋಡೆಗೆ ಮುಖ ಮಾಡಿ ಕೂತ ಬೆನ್ನು, ಶಾಲು, ಒಂದು ಕ್ಷಣ ಪಕ್ಕಕ್ಕೆ ತಿರುಗಿದ ಮುಖ, ಕಟಕಟ ಸದ್ದು, ಈಚೆಗೆ ನಮ್ಮ ಹುಡುಗರ ನಗು. 'ನಮ್ಮ ಮೀನು ತಾತ' ಎಂದು ಬರೆದು ಸ್ಟೇಟಸ್‌ಗೆ ಹಾಕಿಕೊಂಡಳು. ಅವಳದ್ದು ಬರೀ ಪ್ರೀತಿ. ಸಂಜೆಯೊಳಗೆ ಅದು ಎಲ್ಲಿಂದ ಎಲ್ಲಿಗೋ ಹೋಗಿ, ಗಮಕ ಕೇಳುವವರ ವಾಟ್ಸಾಪ್ ಗುಂಪಿಗೂ ತಲುಪಿತು. ಯಾರೋ ಶಿಷ್ಯ ಅದನ್ನು ಮೇಷ್ಟ್ರಿಗೇ ತೋರಿಸಿದ.

ಮಾರನೆಯ ದಿನ ಬಂದರು. ಡಬ್ಬಿ ತಂದಿರಲಿಲ್ಲ. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು. ಬಯ್ಯುತ್ತಾರೆ ಎಂದು ಕಾದೆ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು.

"ನನ್ನ ಹೆಂಡತಿ ಫೋನಲ್ಲೂ ಆ ಗುಂಪಿದೆ. ಅವಳು ನೋಡಿದ್ದಾಳೇನಮ್ಮ? ನನಗೆ ಕೇಳಕ್ಕಾಗ್ತಿಲ್ಲ. ನೀನು ಒಂದ್ಸಲ ಮನೆಗೆ ಬಂದು ಏನಾದ್ರೂ ತಿಳಿಯುತ್ತಾ ನೋಡು."

ಚಿತ್ರದ ಹುಡುಗಿ ಮೇಜಿಗೆ ತಲೆ ಹಚ್ಚಿ ಅಳುತ್ತಿದ್ದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಂಬಿ ಬಂದವರನ್ನು ನಮ್ಮ ಕೋಣೆಯಲ್ಲೇ ಬೀದಿಗೆ ಹಾಕಿದ್ದೆವು.

ಸಂಜೆ ಹೋದೆ. ಜೋರಿನ ಹೆಂಗಸು ಎಂದು ನಾನು ಅಂದುಕೊಂಡಿದ್ದವರು ಸಣ್ಣ ಮೈಕಟ್ಟಿನ, ಮೆತ್ತನೆ ಮಾತಿನ ಅಮ್ಮ. "ಇವರ ಕಾವ್ಯದ ರೆಕಾರ್ಡಿಂಗ್ ಮಾಡೋದು ನೀನೇನಮ್ಮ? ಕೂತ್ಕೋ" ಎಂದು ಕಾಫಿ ಕೊಟ್ಟರು. ಫೋನು ಅವರ ಪಕ್ಕದಲ್ಲೇ ಇತ್ತು. ಎದುರಿನ ಕುರ್ಚಿಯಲ್ಲಿ ಮೇಷ್ಟ್ರು ಪೇಪರ್ ಹಿಡಿದು ಕೂತಿದ್ದರು, ಒಂದು ಪುಟವೂ ತಿರುಗಿಸಲಿಲ್ಲ. "ಓದು ಚೆನ್ನಾಗಿ ಬರ್ತಿದ್ಯಾ?" ಎಂದು ಆಕೆ ಕೇಳಿದರು. "ಬಾಳ ಚೆನ್ನಾಗಿ ಬತ್ತಾ ಅದೆ ಅಮ್ಮ" ಎಂದು ಬಿಸಿ ಕಾಫಿಯನ್ನು ಹಾಗೇ ಗಂಟಲಿಗೆ ಹುಯ್ದುಕೊಂಡೆ. ಗೇಟಿನ ತನಕ ಬಂದ ಮೇಷ್ಟ್ರಿಗೆ, "ಅವ್ರು ನೋಡಿಲ್ಲ ಸಾರ್, ಯೋಚ್ನೆ ಮಾಡ್ಬೇಡಿ" ಎಂದೆ. ಅವರು ಆಕಾಶಕ್ಕೆ ಕೈ ಮುಗಿದರು. ಆಫೀಸಿಗೆ ಮತ್ತೆ ಬರಲಿಲ್ಲ.

ಪೇಪರಿನಲ್ಲಿ ಸುದ್ದಿ ಓದಿದ ಕೆಲವು ದಿನಗಳ ಮೇಲೆ, ಕರ್ಮಗಳು ಮುಗಿದಿರಬಹುದು ಎಂದುಕೊಂಡು ಅವರ ಮನೆಗೆ ಹೋದೆ. ನಡುಮನೆಯಲ್ಲಿ ನೆಂಟರು ಕೂತು ಮೇಷ್ಟ್ರ ದನಿಯನ್ನು ಕೊಂಡಾಡುತ್ತಿದ್ದರು. ನನ್ನನ್ನು ನೋಡಿದ್ದೇ ಆ ಅಮ್ಮ ಎದ್ದು, "ಅಡುಗೆಮನೆಗೆ ಬಾ, ಕಾಫಿ ಕೊಡ್ತೀನಿ" ಎಂದು ಒಳಗೆ ಕರೆದುಕೊಂಡು ಹೋದರು. ಒಲೆ ಹಚ್ಚಲಿಲ್ಲ.

"ಅದು ನಿನ್ನ ಫೋನಲ್ಲಿ ಇದ್ಯೇನಮ್ಮ? ಆ ಮೀನು?"

"ನಿಮ್ಗೆ ಗೊತ್ತಿತ್ತಾ ಅಮ್ಮ?"

"ಗೊತ್ತಿರದೇ ಏನು. ಅವರು ನಲ್ಲಿ ಬಿಟ್ಟುಕೊಂಡು ಬಚ್ಚಲಲ್ಲಿ ಅಭ್ಯಾಸ ಮಾಡ್ತಿದ್ರು. ಕಾವ್ಯ ಯಾರಾದ್ರೂ ಹಂಗೆ ಓದ್ತಾರಾ? ಆಮೇಲೆ ಫೋನಿಗೂ ಬಂತು. ನೋಡಿ ಅಳಿಸಿಹಾಕಿದೆ. ನೀನು ಬಂದಾಗಲೂ ಗೊತ್ತಿಲ್ಲದವಳ ಹಂಗೇ ಕೂತಿದ್ದೆ."

"ಯಾಕಮ್ಮ? ಅವ್ರು ಅದೇ ಯೋಚ್ನೇಲೇ ಇದ್ರಲ್ಲ."

ಆಕೆ ನಡುಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಅವತ್ತು ಸಭೇಲಿ ಮೊದಲು ನಕ್ಕಿದ್ದು ನಾನು ಕಣಮ್ಮ."

ಆಕೆಯೇ ಮುಂದುವರಿಸಿದರು. "ಮನೇಲಿ ಊಟಕ್ಕೆ ಕೂತಾಗ ಆ ಹಲ್ಲು ಕಟಕ್ ಅನ್ನೋದು, ನಾವಿಬ್ಬರೂ ನಗೋದು. ದಿನಾ ಅದೇ ತಮಾಷೆ ನಮಗೆ. ಬೇಕಂತಲೇ ಬಡಿದು ನಗಿಸ್ತಿದ್ರು ನನ್ನ. ಸಭೇಲೂ ಅದೇ ಅಭ್ಯಾಸಕ್ಕೆ ಬಂದ್ಬಿಡ್ತು, ತಡೆಯಕ್ಕೇ ಆಗಲಿಲ್ಲ. ನಾನು ನಕ್ಕೆ ಅಂತ ಪಕ್ಕದೋರು ನಕ್ಕರು, ಅವರನ್ನ ನೋಡಿ ಎಲ್ಲರೂ ನಕ್ಕರು. ಇವರು ತಲೆ ಎತ್ತಿ ನನ್ನ ಒಬ್ಬಳನ್ನೇ ನೋಡಿದರು. ಆಮೇಲೆ ಮನೇಲೂ ನಗೋದು ನಿಂತುಹೋಯ್ತು. ಅವರು ಕೇಳಲಿಲ್ಲ, ನಾನು ಕ್ಷಮಿಸಿ ಅನ್ನಲಿಲ್ಲ. ಆ ಮೀನಿನ ವಿಷಯ ನನಗೆ ಗೊತ್ತು ಅಂದ್ರೆ ಇದಕ್ಕೂ ನಕ್ಕಿರ್ತಾಳೆ ಅಂದ್ಕೋತಾರಲ್ಲ ಅಂತ ಬಾಯಿ ಬಿಡಲೇ ಇಲ್ಲ ಕಣಮ್ಮ ನಾನು."

ಫೋನಿನಲ್ಲಿ ಆಟ ತೆರೆದು, ಕಂದಕದ ತನಕ ಹೋಗಿ ಅವರ ಕೈಗೆ ಕೊಟ್ಟೆ. ಕತ್ತಲ ನೀರಿನಿಂದ ಸದ್ದು ಬಂತು. ಸೀರೆಯ ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡು ಕೇಳಿದರು. ಮೀನು ಚಿಮ್ಮಿ ಕಚ್ಚಿತು. ಮತ್ತೆ ಕಚ್ಚಿತು. ಅವರ ಭುಜ ಅಲುಗುತ್ತಿತ್ತು, ಕಣ್ಣಲ್ಲಿ ನೀರು ತುಂಬಿತ್ತು. ಅಳುತ್ತಿದ್ದಾರೆ ಎಂದುಕೊಂಡು ಬೆನ್ನಿನ ಮೇಲೆ ಕೈಯಿಟ್ಟೆ.

"ಈಗ ನಗಬಹುದೇನಮ್ಮ?" ಎಂದು ಕೇಳಿದರು.

ನಾನು ಎದ್ದು ಹೋಗಿ ಅಡುಗೆಮನೆಯ ಬಾಗಿಲು ಮುಂದಕ್ಕೆ ಹಾಕಿದೆ.